ಬೀಗ ಹಾಕಿದ ಲೀಗ್, ಶುಲ್ಕ ಕಟ್ಟುವ ಅಪ್ಪ-ಅಮ್ಮಂದಿರು: ಅಮೆರಿಕದಲ್ಲಿ ಫುಟ್‌ಬಾಲ್ ತಳಮಟ್ಟದಲ್ಲಿ ಬೆಳೆಯಲು ಏನು ಅಡ್ಡಿ?

ಫ್ರಿಸ್ಕೋ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ಇಲ್ಲಿ ಇಡುತ್ತಿದ್ದೇನೆ. ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಮಕ್ಕಳನ್ನು ಫುಟ್‌ಬಾಲ್‌ಗೆ ಕಳುಹಿಸುತ್ತಿರುವ ಕನ್ನಡಿಗರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ. ನಾನು ತಪ್ಪಿದ ಕಡೆ ತಿದ್ದಿ.

ನಾವಿರುವುದು ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ. ಎಫ್‌ಸಿ ಡಲ್ಲಾಸ್ ತಂಡದ ಕ್ರೀಡಾಂಗಣ ಇರುವುದು ಈ ಊರಿನಲ್ಲೇ. ಅದಕ್ಕೆ ಅಂಟಿಕೊಂಡಂತೆ ರಾಷ್ಟ್ರೀಯ ಸಾಕರ್ ಹಾಲ್ ಆಫ್ ಫೇಮ್, ಸುತ್ತ ಸಾಲು ಸಾಲಾಗಿ ಅಭ್ಯಾಸದ ಮೈದಾನಗಳು. ಹುಲ್ಲಿಗೂ ಕೊರತೆಯಿಲ್ಲ, ದೀಪಕ್ಕೂ ಕೊರತೆಯಿಲ್ಲ. ಹದಿಮೂರು ವರ್ಷದ ನನ್ನ ಮಗ ಒಂದು ಖಾಸಗಿ ಕ್ಲಬ್ಬಿನಲ್ಲಿ ಆಡುತ್ತಾನೆ. ವರ್ಷದ ಶುಲ್ಕ ಮೂರು ಸಾವಿರ ಡಾಲರ್ ದಾಟುತ್ತದೆ. ಸಮವಸ್ತ್ರ, ಟೂರ್ನಿಗಳ ಪ್ರವೇಶ ಶುಲ್ಕ, ಹೂಸ್ಟನ್ನಿಗೋ ಆಸ್ಟಿನ್ನಿಗೋ ಹೋದರೆ ಹೋಟೆಲ್ ಬಾಡಿಗೆ, ಎಲ್ಲವೂ ಬೇರೆ. ಎಷ್ಟೋ ಟೂರ್ನಿಗಳಲ್ಲಿ ಸಂಘಟಕರು ಗೊತ್ತುಮಾಡಿದ ಹೋಟೆಲಿನಲ್ಲೇ ಕೋಣೆ ಹಿಡಿಯಬೇಕು, ಇಲ್ಲದಿದ್ದರೆ ತಂಡಕ್ಕೆ ಪ್ರವೇಶವೇ ಇಲ್ಲ.

ಕಳೆದ ಮೇ ತಿಂಗಳಲ್ಲಿ ಮುಂದಿನ ವರ್ಷದ ತಂಡಕ್ಕೆ ಆಯ್ಕೆ ನಡೆಯಿತು. ಮಕ್ಕಳ ಎದೆಗೆ ಸಂಖ್ಯೆಯ ಚೀಟಿ ಅಂಟಿಸಿ ಮೈದಾನಕ್ಕೆ ಬಿಟ್ಟರು. 47ನೇ ಸಂಖ್ಯೆಯ ಹುಡುಗ ಚೆಂಡನ್ನು ಎಡಗಾಲಿನಲ್ಲಿ ತಡೆದು, ತಲೆ ಎತ್ತಿ ನೋಡಿ, ಯಾರೂ ನಿರೀಕ್ಷಿಸದ ಕಡೆಗೆ ತಳ್ಳುತ್ತಿದ್ದ. ಅಲ್ಲಿ ನಿಂತಿದ್ದ ಅಪ್ಪಂದಿರೆಲ್ಲ ತಮ್ಮ ಮಕ್ಕಳನ್ನು ಬಿಟ್ಟು ಅವನನ್ನೇ ನೋಡತೊಡಗಿದರು. ಅವನು ಆಯ್ಕೆಯಾದ, ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟರಂತೆ. ಆದರೆ ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದಾಗ ಅವನು ಬರಲಿಲ್ಲ. ಆಮೇಲೆ ಒಂದು ಭಾನುವಾರ ಪಕ್ಕದ ಊರಿನ ಪಾರ್ಕಿನಲ್ಲಿ ಮೆಕ್ಸಿಕನ್ ಕುಟುಂಬಗಳು ನಡೆಸುವ ಲೀಗಿನಲ್ಲಿ ಅವನನ್ನು ಕಂಡೆ, ದೊಡ್ಡವರ ನಡುವೆ ಆಡುತ್ತಿದ್ದ. ಅವನ ತಂದೆಯನ್ನು ಮಾತನಾಡಿಸಿದೆ. ಮನೆಗಳ ಸೂರು ಹೊದಿಸುವ ಕೆಲಸ ಅವರದು. ಮನೆಗೆ ಇರುವುದು ಒಂದೇ ಪಿಕಪ್ ಟ್ರಕ್, ಅದು ಸಂಜೆ ಮನೆ ಸೇರುವುದು ಎಂಟಕ್ಕೆ. ಅಭ್ಯಾಸ ಆರಕ್ಕೆ.

ಅಂದಿನಿಂದ ನನಗೆ ಒಂದೇ ಯೋಚನೆ. ಇಷ್ಟು ಹಣವಿರುವ ದೇಶದಲ್ಲಿ, ಇಷ್ಟು ಮೈದಾನಗಳಿರುವ ಊರಿನಲ್ಲಿ, ಆಟವನ್ನು ಬೆಳೆಸುವ ಖರ್ಚೆಲ್ಲ ಅಪ್ಪ-ಅಮ್ಮಂದಿರ ತಲೆಯ ಮೇಲೇಕೆ ಬಿದ್ದಿದೆ? ಇಲ್ಲಿನ ಅತಿ ಮೇಲಿನ ಫುಟ್‌ಬಾಲ್ ಲೀಗಾದ ಮೇಜರ್ ಲೀಗ್ ಸಾಕರ್ (ಎಂಎಲ್‌ಎಸ್) ಬಾಗಿಲು ಮುಚ್ಚಿಕೊಂಡು ಕುಳಿತಿರುವುದೇ ಮೂಲ ಕಾರಣ ಎಂದು ನನಗೆ ಅನ್ನಿಸುತ್ತದೆ. ಆ ಲೀಗಿಗೆ ಆಡಿ ಗೆದ್ದು ಏರಲು ಸಾಧ್ಯವಿಲ್ಲ, ಕಾಸು ಕೊಟ್ಟು ಸೇರಬೇಕು. ಟೊರಾಂಟೊ ತಂಡ 2007ರಲ್ಲಿ ಸೇರುವಾಗ ಕೊಟ್ಟದ್ದು 1 ಕೋಟಿ ಡಾಲರ್. 2025ರಲ್ಲಿ ಮೂವತ್ತನೆಯ ತಂಡವಾಗಿ ಬಂದ ಸ್ಯಾನ್ ಡಿಯಾಗೊ ತೆತ್ತದ್ದು 50 ಕೋಟಿ ಡಾಲರ್. ಅಷ್ಟು ಸುರಿದವರು ಕೊನೆಯ ಸ್ಥಾನಕ್ಕೆ ಬಿದ್ದರೆ ಕೆಳಗಿನ ಲೀಗಿಗೆ ಹೋಗಲು ಒಪ್ಪುತ್ತಾರೆಯೇ? ಬೀಳುವ ಭಯ ಮೇಲಿನವರಿಗಿಲ್ಲ, ಏರುವ ಆಸೆ ಕೆಳಗಿನವರಿಗಿಲ್ಲ. ಏರಲಾಗದ ಕ್ಲಬ್ಬಿಗೆ ಪ್ರಾಯೋಜಕರು ಸಿಗುವುದಿಲ್ಲ, ಪ್ರೇಕ್ಷಕರು ಬರುವುದಿಲ್ಲ. ಉಳಿಯುವ ಆದಾಯ ಒಂದೇ, ಮಕ್ಕಳ ಶುಲ್ಕ.

ನಮ್ಮ ಮಂಡ್ಯದ ಕಡೆ ಕಾಲುವೆಯ ಕೊನೆಯಂಚಿನ ಜಮೀನಿನವರ ಪಾಡು ಗೊತ್ತಲ್ಲ. ಅಣೆಕಟ್ಟೆ ತುಂಬಿರುತ್ತದೆ, ಗದ್ದೆಗೆ ನೀರು ಬರುವುದಿಲ್ಲ. ಇಲ್ಲಿಯೂ ಹಾಗೆಯೇ ಆಗಿದೆ. ನಿಮ್ಮ ಅಭಿಪ್ರಾಯವೇನು?

ಕೀವರ್ತ್_ಗ್ಯಾಲರಿ

ನೂರಕ್ಕೆ ನೂರು ಒಪ್ಪುತ್ತೇನೆ ಸರ್. ಡೆಟ್ರಾಯಿಟ್‌ನಿಂದ ಬರೆಯುತ್ತಿದ್ದೇನೆ.

ನಮ್ಮ ಡೆಟ್ರಾಯಿಟ್ ಸಿಟಿ ಎಫ್‌ಸಿ 2012ರಲ್ಲಿ ಐವರು ಗೆಳೆಯರು ಸೇರಿ ಕಟ್ಟಿದ ಹವ್ಯಾಸಿ ತಂಡ. ಮೊದಲು ಒಂದು ಪ್ರೌಢಶಾಲೆಯ ಮೈದಾನದಲ್ಲಿ ಆಡುತ್ತಿದ್ದರು. ಜನ ಹಿಡಿಸದಷ್ಟು ಬರತೊಡಗಿದಾಗ ಪಕ್ಕದ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನ ಕೀವರ್ತ್ ಕ್ರೀಡಾಂಗಣವನ್ನು ಹಿಡಿದರು. 1936ರಲ್ಲಿ ಕಟ್ಟಿದ ಕಾಂಕ್ರೀಟ್ ಮೆಟ್ಟಿಲುಗಳು, ಅರ್ಧ ಪಾಳುಬಿದ್ದಿತ್ತು. ದುರಸ್ತಿಗೆ ಹಣ ಕೊಟ್ಟವರು ಅಭಿಮಾನಿಗಳು. ಏಳು ಲಕ್ಷ ಡಾಲರಿಗೂ ಹೆಚ್ಚು ಸೇರಿತು. ಯೆಮೆನ್, ಬಾಂಗ್ಲಾದೇಶದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಬೇಲಿಯಾಚೆ ಚೆಂಡು ಒದೆಯುತ್ತಿರುತ್ತಾರೆ, ಒಳಗೆ ಡೋಲು ಬಡಿಯುತ್ತಿರುತ್ತದೆ. ತಂಡ 2020ರಲ್ಲಿ ವೃತ್ತಿಪರವಾಯಿತು, 2022ರಿಂದ ಯುಎಸ್‌ಎಲ್ (ಯುನೈಟೆಡ್ ಸಾಕರ್ ಲೀಗ್) ಚಾಂಪಿಯನ್‌ಶಿಪ್‌ನಲ್ಲಿ, ಅಂದರೆ ಎರಡನೇ ದರ್ಜೆಯಲ್ಲಿ ಆಡುತ್ತಿದೆ. ಇದರಲ್ಲಿ ಒಂದು ಮೆಟ್ಟಿಲೂ ಆಟ ಗೆದ್ದು ಹತ್ತಿದ್ದಲ್ಲ. ಪ್ರತಿಸಲವೂ ಅರ್ಜಿ ಹಾಕಿ, ಶುಲ್ಕ ಕಟ್ಟಿ ಹತ್ತಿದ್ದು.

ಮೇಲಕ್ಕೆ ಹೋಗುವ ನಿಯಮಗಳನ್ನು ನೋಡಿ. ಒಂದನೇ ದರ್ಜೆಯ ತಂಡದ ಮುಖ್ಯ ಮಾಲೀಕರ ಆಸ್ತಿ ಕನಿಷ್ಠ 4 ಕೋಟಿ ಡಾಲರ್ ಇರಬೇಕು, ಕ್ರೀಡಾಂಗಣದಲ್ಲಿ 15,000 ಆಸನ ಬೇಕು, ಲೀಗಿನ ಮುಕ್ಕಾಲು ಪಾಲು ತಂಡಗಳು ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರ ಪ್ರದೇಶಗಳಲ್ಲೇ ಇರಬೇಕು. ಇವು ಯುಎಸ್ ಸಾಕರ್ ಒಕ್ಕೂಟದ ಮಾನದಂಡಗಳು. ಊರವರು ಕಟ್ಟಿದ ಕ್ಲಬ್ಬು ಹೀಗೆ ಕಾಗದದ ಮೇಲೆಯೇ ಸೋಲುತ್ತದೆ. ಮಯಾಮಿ ಎಫ್‌ಸಿ ಮತ್ತು ನ್ಯೂಯಾರ್ಕ್ ರಾಜ್ಯದ ಪುಟ್ಟ ಕ್ಲಬ್ಬಾದ ಕಿಂಗ್‌ಸ್ಟನ್ ಸ್ಟಾಕೇಡ್ 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯವರೆಗೂ ಹೋದವು, ಬಡ್ತಿ-ಹಿಂಬಡ್ತಿ (ಗೆದ್ದ ತಂಡ ಮೇಲಿನ ಲೀಗಿಗೆ ಏರುವುದು, ಕೊನೆಯಲ್ಲಿ ಬಂದದ್ದು ಕೆಳಗಿಳಿಯುವುದು) ಕಡ್ಡಾಯ ಮಾಡಿ ಎಂದು. 2020ರಲ್ಲಿ ಆ ಅರ್ಜಿ ವಜಾ ಆಯಿತು.

ಆದರೂ ಗಾಳಿ ಬದಲಾಗುತ್ತಿದೆ. 2025ರ ಮಾರ್ಚ್‌ನಲ್ಲಿ ಯುಎಸ್‌ಎಲ್ ಮಾಲೀಕರೇ ಮತ ಹಾಕಿ ತಮ್ಮ ಲೀಗುಗಳ ನಡುವೆ ಬಡ್ತಿ-ಹಿಂಬಡ್ತಿ ತರಲು ಒಪ್ಪಿದ್ದಾರೆ. ಎಂಎಲ್‌ಎಸ್‌ಗೆ ಸಮನಾಗಿ ತಮ್ಮದೇ ಒಂದನೇ ದರ್ಜೆಯ ಲೀಗನ್ನೂ 2027-28ಕ್ಕೆ ತರುವುದಾಗಿ ಘೋಷಿಸಿದ್ದಾರೆ. ಅದು ಬಂದ ದಿನ ಈ ದೇಶದ ಸಣ್ಣ ಊರುಗಳಲ್ಲಿ ಆಟದ ಬಣ್ಣವೇ ಬದಲಾಗುತ್ತದೆ ಎಂದು ನಂಬಿದ್ದೇನೆ.

ಲೆಕ್ಕಿಗ_ಸಿಯಾಟಲ್

ಇಬ್ಬರ ಕಾಳಜಿಯೂ ನಿಜ. ಆದರೆ ರೋಗ ಒಂದು, ಮದ್ದು ಇನ್ನೊಂದು ಆಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಂಎಲ್‌ಎಸ್ ಬಾಗಿಲು ಮುಚ್ಚಿದ್ದು ಹಳೆಯ ಪೆಟ್ಟು ತಿಂದು. 1968ರಲ್ಲಿ ಹುಟ್ಟಿದ ಎನ್‌ಎಎಸ್‌ಎಲ್ ಎಂಬ ಹಳೆಯ ವೃತ್ತಿಪರ ಲೀಗಿಗೆ 1975ರಲ್ಲಿ ಪೆಲೆ ಬಂದರು. ನೋಡನೋಡುತ್ತ ತಂಡಗಳ ಸಂಖ್ಯೆ 24ಕ್ಕೆ ಏರಿತು, ಹಣ ನೀರಿನಂತೆ ಹರಿಯಿತು, 1984ರ ಋತು ಮುಗಿದ ಮೇಲೆ ಇಡೀ ಲೀಗೇ ಮುಳುಗಿತು. ಆಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಈ ದೇಶದಲ್ಲಿ ಒಂದನೇ ದರ್ಜೆಯ ಹೊರಾಂಗಣ ಲೀಗ್ ಇರಲಿಲ್ಲ. 1994ರ ವಿಶ್ವಕಪ್ ಕೊಡುವಾಗ ಫೀಫಾಗೆ ಇತ್ತ ಮಾತಿನಂತೆ ಹುಟ್ಟಿದ್ದು ಎಂಎಲ್‌ಎಸ್. 1996ರಲ್ಲಿ ಹತ್ತು ತಂಡಗಳೊಂದಿಗೆ ಶುರುವಾಯಿತು. ಆಟಗಾರರ ಒಪ್ಪಂದ ಲೀಗಿನೊಂದಿಗೇ ಹೊರತು ತಂಡದೊಂದಿಗಲ್ಲ, ಒಬ್ಬನ ದುಂದುವೆಚ್ಚ ಎಲ್ಲರನ್ನೂ ಮುಳುಗಿಸಬಾರದು ಎಂದು. ಹಾಗಿದ್ದೂ 2002ರ ಜನವರಿಯಲ್ಲಿ ಟ್ಯಾಂಪಾ ಬೇ, ಮಯಾಮಿ ಎರಡೂ ತಂಡಗಳನ್ನು ಮುಚ್ಚಬೇಕಾಯಿತು. ಆ ಕಷ್ಟದ ದಿನಗಳಲ್ಲಿ ಆನ್‌ಶುಟ್ಜ್, ಹಂಟ್, ಕ್ರಾಫ್ಟ್ ಎಂಬ ಮೂವರು ಶ್ರೀಮಂತರು ಹಲವು ತಂಡಗಳನ್ನು ಹೊತ್ತು ಲೀಗನ್ನು ಉಳಿಸಿದರು. ಕೆಳಗೆ ಬೀಳುವ ಭಯವಿದ್ದಿದ್ದರೆ ಅವರು ಹೊರುತ್ತಿದ್ದರೇ? ಅವರು ಹೊರದಿದ್ದರೆ ಇಂದು ಫ್ರಿಸ್ಕೋದಲ್ಲಿ ಆ ಕ್ರೀಡಾಂಗಣವೇ ಇರುತ್ತಿರಲಿಲ್ಲ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಫೀಫಾದಲ್ಲಿ ಒಂದು ನಿಯಮವಿದೆ. ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಹಣದ ಶೇ. 5ನ್ನು ತೆಗೆದಿಟ್ಟು, ಅವನು 12ರಿಂದ 23ರ ವಯಸ್ಸಿನವರೆಗೆ ಎಲ್ಲೆಲ್ಲಿ ಕಲಿತನೋ ಆ ಕ್ಲಬ್ಬುಗಳಿಗೆಲ್ಲ ಹಂಚಬೇಕು. ಸಾಲಿಡಾರಿಟಿ ಪಾಲು ಎನ್ನುತ್ತಾರೆ. 12ರಿಂದ 15ರವರೆಗೆ ವರ್ಷಕ್ಕೆ ವರ್ಗಾವಣೆ ಹಣದ ಶೇ. 0.25, 16ರಿಂದ ಮುಂದೆ ವರ್ಷಕ್ಕೆ ಶೇ. 0.5. ಲೆಕ್ಕ ಹಾಕಿ ನೋಡಿ. ನಿಮ್ಮ ಎಫ್‌ಸಿ ಡಲ್ಲಾಸ್‌ನಿಂದ ರಿಕಾರ್ಡೊ ಪೆಪಿ 2022ರ ಜನವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ಗೆ ಹೋದದ್ದು ಸುಮಾರು 2 ಕೋಟಿ ಡಾಲರಿಗೆ. ಅಂಥ ಹುಡುಗನನ್ನು 12ರಿಂದ 15ರವರೆಗೆ ನಾಲ್ಕು ವರ್ಷ ಸಾಕಿದ ಯಾವುದೇ ಊರ ಕ್ಲಬ್ಬಿಗೆ ಬರಬೇಕಾದ ಪಾಲು ಶೇ. 1, ಅಂದರೆ 2 ಲಕ್ಷ ಡಾಲರ್. ನೀವು ಹೇಳಿದ ಶುಲ್ಕದ ಲೆಕ್ಕದಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು ಒಂದು ವರ್ಷ ಪುಕ್ಕಟೆ ಆಡಬಹುದು.

ಅಮೆರಿಕದಲ್ಲಿ ಈ ಪಾಲು ಬಹಳ ವರ್ಷಗಳ ಕಾಲ ತಳಕ್ಕೆ ಇಳಿಯಲೇ ಇಲ್ಲ. ಆಟಗಾರರ ಹಳೆಯ ಮೊಕದ್ದಮೆಯನ್ನೂ ಸ್ಪರ್ಧಾ ಕಾನೂನನ್ನೂ ಮುಂದಿಟ್ಟು ಒಕ್ಕೂಟ ಇದನ್ನು ಜಾರಿಗೆ ತರಲಿಲ್ಲ. ಆಟಗಾರರ ಸಂಘಕ್ಕೂ ಇದು ಬೇಡವಾಗಿತ್ತು. ನಮ್ಮ ಸಿಯಾಟಲ್ ಬಳಿ ರೆಡ್ಮಂಡ್‌ನಲ್ಲಿ ಕ್ರಾಸ್‌ಫೈರ್ ಎಂಬ ಮಕ್ಕಳ ಕ್ಲಬ್ಬಿದೆ. ಅಲ್ಲಿ ಕಲಿತ ಡಿಆಂಡ್ರೆ ಯೆಡ್ಲಿನ್ 2014ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್‌ಗೆ ಮಾರಾಟವಾದಾಗ ಕ್ರಾಸ್‌ಫೈರ್ ತನ್ನ ಪಾಲು ಕೇಳಿ ಫೀಫಾಗೆ ದೂರು ಕೊಟ್ಟಿತು. ಕ್ಲಿಂಟ್ ಡೆಂಪ್ಸಿ ವಿಷಯದಲ್ಲಿ ಡಲ್ಲಾಸ್ ಟೆಕ್ಸನ್ಸ್, ಮೈಕಲ್ ಬ್ರಾಡ್ಲಿ ವಿಷಯದಲ್ಲಿ ಶಿಕಾಗೋದ ಸಾಕರ್ಸ್ ಎಂಬ ಮಕ್ಕಳ ಕ್ಲಬ್ಬುಗಳೂ ದನಿ ಎತ್ತಿದವು. 2019ರ ಏಪ್ರಿಲ್‌ನಲ್ಲಿ ಎಂಎಲ್‌ಎಸ್ ತಾನೂ ಇನ್ನು ಮುಂದೆ ಈ ಪಾಲನ್ನು ಕೇಳುವುದಾಗಿ ಹೇಳಿತು. ಅಲ್ಲಿಯವರೆಗೆ ಬೇಡವಾಗಿದ್ದ ನಿಯಮ, ತನ್ನ ಅಕಾಡೆಮಿಯ ಹುಡುಗರು ಹೊರದೇಶಕ್ಕೆ ಹೋಗತೊಡಗಿದ ಮೇಲೆ ಬೇಕಾಯಿತು.

ನಾಳೆ ಬೆಳಿಗ್ಗೆ ಬಡ್ತಿ-ಹಿಂಬಡ್ತಿ ಬಂದರೂ ಈ ಹಣದ ದಾರಿ ತೆರೆಯದಿದ್ದರೆ ನಿಮ್ಮ ಮಗನ ಶುಲ್ಕ ಒಂದು ಡಾಲರೂ ಇಳಿಯುವುದಿಲ್ಲ.

ಫ್ರಿಸ್ಕೋ_ಮಂಡ್ಯ

2 ಲಕ್ಷದ ಲೆಕ್ಕ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವೆಸ್ಟನ್ ಮೆಕೆನ್ನಿ ನಮ್ಮ ಪಕ್ಕದ ಲಿಟಲ್ ಎಲ್ಮ್‌ನ ಹುಡುಗ, ಎಫ್‌ಸಿ ಡಲ್ಲಾಸ್ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಬೆಳೆದವನು. 2016ರಲ್ಲಿ ಜರ್ಮನಿಯ ಶಾಲ್ಕೆಗೆ ಹೋದಾಗ ವರ್ಗಾವಣೆ ಹಣವೇ ಇರಲಿಲ್ಲ. ದೊಡ್ಡ ಕ್ಲಬ್ಬಿನ ಕೈಗೇ ಏನೂ ಬರಲಿಲ್ಲವೆಂದರೆ ಚಿಕ್ಕವರ ಪಾಡೇನು? ನನ್ನ ಮೊದಲ ಬರಹದಲ್ಲಿ ಈ ಕೊಂಡಿ ತಪ್ಪಿಹೋಗಿತ್ತು, ಒಪ್ಪುತ್ತೇನೆ.

ಒಂದು ಪ್ರಶ್ನೆ ಉಳಿಯುತ್ತದೆ. 47ನೇ ಹುಡುಗ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾನೆ? ಅವನನ್ನು ಭಾನುವಾರ ಆಡಿಸುವ ಪಾರ್ಕಿನ ಲೀಗಿಗೆ ಒಕ್ಕೂಟದ ನೋಂದಣಿ ಇದೆಯೇ?

ಗೋಲ್‌ಕೀಪರ್_ಅಮ್ಮ

ಇಷ್ಟು ಹೊತ್ತು ಎಲ್ಲರೂ ಗಂಡುಮಕ್ಕಳ ಲೆಕ್ಕವನ್ನೇ ಹಾಕುತ್ತಿದ್ದೀರಿ. ನ್ಯೂಜೆರ್ಸಿಯಿಂದ ಒಬ್ಬ ಹೆಣ್ಣುಮಗಳ ತಾಯಿಯ ಮಾತನ್ನೂ ಕೇಳಿ.

ಈ ದೇಶದ ಮಹಿಳಾ ತಂಡ ನಾಲ್ಕು ಸಲ ವಿಶ್ವಕಪ್ ಗೆದ್ದಿದೆ: 1991, 1999, 2015, 2019. ಮೊದಲ ಎರಡು ಗೆದ್ದಾಗ ಇಲ್ಲಿ ಮಹಿಳೆಯರಿಗೆ ವೃತ್ತಿಪರ ರಾಷ್ಟ್ರೀಯ ಲೀಗೇ ಇರಲಿಲ್ಲ. 2001ರಲ್ಲಿ ಬಂದ ಲೀಗ್ ಮೂರೇ ಋತುಗಳಲ್ಲಿ ಮುಚ್ಚಿತು. 2009ರಲ್ಲಿ ಬಂದ ಇನ್ನೊಂದೂ ಮೂರೇ ಋತು ಆಡಿತು. ಈಗಿರುವ ಎನ್‌ಡಬ್ಲ್ಯುಎಸ್‌ಎಲ್ ಆಟ ಶುರು ಮಾಡಿದ್ದು 2013ರಲ್ಲಿ. ಹಾಗಾದರೆ ತಳಮಟ್ಟದಲ್ಲಿ ಅಷ್ಟು ಹೆಣ್ಣುಮಕ್ಕಳನ್ನು ಮೈದಾನಕ್ಕೆ ತಂದದ್ದು ಯಾವುದು? 1972ರ ಟೈಟಲ್ ನೈನ್ ಕಾನೂನು. ಸರ್ಕಾರದ ಹಣ ಪಡೆಯುವ ಶಾಲೆ-ಕಾಲೇಜುಗಳು ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಕೊಡಬೇಕು ಎಂಬ ಒಂದು ಕಾನೂನು. ಕಾಲೇಜುಗಳು ತಂಡ ಕಟ್ಟಿದವು, ವಿದ್ಯಾರ್ಥಿವೇತನ ಕೊಟ್ಟವು, ಅದರ ಆಸೆಗೆ ಪ್ರೌಢಶಾಲೆಗಳು, ಊರ ಕ್ಲಬ್ಬುಗಳು ಬೆಳೆದವು. ಮೇಲಿನ ಮೆಟ್ಟಿಲು ಎಂದರೆ ವೃತ್ತಿಪರ ಲೀಗೇ ಆಗಬೇಕಾಗಿಲ್ಲ, ಮಕ್ಕಳಿಗೂ ಹೆತ್ತವರಿಗೂ ಕಣ್ಣಿಗೆ ಕಾಣುವ ಗುರಿಯೊಂದು ಇರಬೇಕು.

ಆದರೆ ಆ ಗುರಿಯೇ ಈಗ ನಮ್ಮ ಜೇಬಿಗೆ ಕತ್ತರಿ ಹಾಕುತ್ತಿದೆ ಎಂಬುದೂ ಸತ್ಯ. ಕಾಲೇಜು ತರಬೇತುದಾರರ ಕಣ್ಣಿಗೆ ಬೀಳಬೇಕೆಂದರೆ ದೊಡ್ಡ ದೊಡ್ಡ ಪ್ರದರ್ಶನ ಟೂರ್ನಿಗಳಿಗೆ ಹೋಗಬೇಕು. ಕಳೆದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಫ್ಲೋರಿಡಾಕ್ಕೆ ವಿಮಾನದಲ್ಲಿ ಹೋದೆ. ಎರಡು ದಿನ, ಮೂರು ಪಂದ್ಯ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕಾಲೇಜುಗಳವರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನನ್ನ ಮಗಳು ಗೋಲ್‌ಕೀಪರ್. ಅವಳ ತಂಡ ಚೆನ್ನಾಗಿ ಆಡಿದ್ದರಿಂದ ಇಡೀ ಎರಡನೇ ಪಂದ್ಯದಲ್ಲಿ ಅವಳ ಕೈಗೆ ಚೆಂಡು ಬಂದದ್ದು ನಾಲ್ಕು ಸಲ. ನಾಲ್ಕು ಸಲ ಚೆಂಡು ಹಿಡಿಯುವುದನ್ನು ತೋರಿಸಲು ಒಂದು ಕುಟುಂಬ ಸಾವಿರಾರು ಮೈಲಿ ಹೋಗಿ ಬರಬೇಕಾದ ವ್ಯವಸ್ಥೆ ಸರಿಯಿಲ್ಲ.

2021ರಲ್ಲಿ ಒಲಿವಿಯಾ ಮೌಲ್ಟ್ರಿ ಎಂಬ ಹದಿನೈದರ ಹುಡುಗಿ, 18 ತುಂಬದವರನ್ನು ಆಡಿಸುವುದಿಲ್ಲ ಎಂಬ ಎನ್‌ಡಬ್ಲ್ಯುಎಸ್‌ಎಲ್ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಪೋರ್ಟ್‌ಲ್ಯಾಂಡ್ ತಂಡ ಸೇರಿದಳು. 2024ರ ಒಪ್ಪಂದದಲ್ಲಿ ಎನ್‌ಡಬ್ಲ್ಯುಎಸ್‌ಎಲ್ ಕಾಲೇಜು ಡ್ರಾಫ್ಟ್ ಪದ್ಧತಿಯನ್ನೇ (ಕಾಲೇಜು ಆಟಗಾರ್ತಿಯರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದನ್ನು) ಕೈಬಿಟ್ಟಿತು. ಹುಡುಗಿಯರು ಕಾಲೇಜಿನ ದಾರಿ ಬಿಟ್ಟು ನೇರವಾಗಿ ಕ್ಲಬ್ಬಿಗೆ ಹೋಗುವ ದಿನ ಹತ್ತಿರವಾಗುತ್ತಿದೆ. ಆಗ ಇವರನ್ನು ಬೆಳೆಸಿದ ಕ್ಲಬ್ಬುಗಳಿಗೆ ಏನು ಸಿಗುತ್ತದೆ ಎಂದು ಈಗಲೇ ಕೇಳಬೇಕು. ಗಂಡುಮಕ್ಕಳ ವಿಷಯದಲ್ಲಿ ಆದಂತೆ ವರ್ಷಗಟ್ಟಲೆ ತಡವಾಗಿ ಅಲ್ಲ.

ಶನಿವಾರದ_ಕೋಚ್

ಕ್ಯಾಲಿಫೋರ್ನಿಯಾದಲ್ಲಿ ಎವೈಎಸ್‌ಒ ಎಂಬ ಮಕ್ಕಳ ಫುಟ್‌ಬಾಲ್ ಸಂಸ್ಥೆಯ ತಂಡಗಳಿಗೆ ಒಂಬತ್ತು ವರ್ಷಗಳಿಂದ ಸ್ವಯಂಸೇವಕನಾಗಿ ತರಬೇತಿ ಕೊಡುತ್ತಿದ್ದೇನೆ. 1964ರಲ್ಲಿ ಇಲ್ಲಿನ ಟೊರೆನ್ಸ್‌ನಲ್ಲಿ ಶುರುವಾದ ಸಂಸ್ಥೆ ಇದು. ಆಯ್ಕೆ ಶಿಬಿರವಿಲ್ಲ, ಬಂದ ಮಗುವನ್ನೆಲ್ಲ ಆಡಿಸಬೇಕು ಎಂಬುದೇ ಮೊದಲ ನಿಯಮ. ಶನಿವಾರ ಬೆಳಿಗ್ಗೆ ಏಳಕ್ಕೆ ಹೋಗಿ ಗೋಲಿನ ಬಲೆ ಕಟ್ಟುವವರೂ ನಾವೇ, ಕೊನೆಗೆ ಬಿಚ್ಚುವವರೂ ನಾವೇ.

ಬಡ್ತಿ-ಹಿಂಬಡ್ತಿ ಎಂದರೆ ಸರ್ವರೋಗಕ್ಕೂ ಮದ್ದು ಎಂದು ನಂಬಿದವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದಲ್ಲಿ ಅದು ಇಲ್ಲ ಎನ್ನುವುದು ತಪ್ಪು. ದೊಡ್ಡವರಿಗೆ ಇಲ್ಲ, ಮಕ್ಕಳಿಗೆ ಇದೆ! ಎಷ್ಟೋ ಊರುಗಳ ಮಕ್ಕಳ ಲೀಗುಗಳಲ್ಲಿ ಒಂದನೇ ವಿಭಾಗ, ಎರಡನೇ ವಿಭಾಗ ಎಂದು ಇರುತ್ತದೆ. ಕೊನೆಯಲ್ಲಿ ಬಂದ ತಂಡ ಕೆಳಗಿಳಿಯುತ್ತದೆ, ಗೆದ್ದದ್ದು ಮೇಲೇರುತ್ತದೆ. ಪರಿಣಾಮ ಏನೆಂದು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ವರ್ಷದ ಮಕ್ಕಳ ಪಂದ್ಯದಲ್ಲಿ ತರಬೇತುದಾರ ಎತ್ತರದ ಹುಡುಗರನ್ನೇ ಹುಡುಕುತ್ತಾನೆ, ಚೆಂಡನ್ನು ದೂರಕ್ಕೆ ಒದೆಯಿರಿ ಎಂದು ಕಿರುಚುತ್ತಾನೆ. ಚಿಕ್ಕ ಮೈಕಟ್ಟಿನ, ಚುರುಕು ತಲೆಯ ಮಗು ಬೆಂಚಿನ ಮೇಲೆ ಕೂರುತ್ತದೆ. ಒಂದು ಮಗು ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ನಾವು ಕೆಳಗೆ ಹೋದರೆ ಅಪ್ಪ ಬೇರೆ ಕ್ಲಬ್ಬಿಗೆ ಸೇರಿಸುತ್ತಾರಂತೆ’ ಎಂದಿತು. ತಂಡ ಕೆಳಗಿಳಿದರೆ ಮುಂದಿನ ವರ್ಷ ಅರ್ಧಕ್ಕರ್ಧ ಮಕ್ಕಳು ಎದುರಾಳಿ ಕ್ಲಬ್ಬಿಗೆ ಹಾರುತ್ತಾರೆ. ಕ್ಲಬ್ಬಿನ ಆದಾಯ ಶುಲ್ಕವೊಂದೇ ಆದಾಗ ಗೆಲುವೇ ಅದರ ಜಾಹೀರಾತು. ನಾವು ಒತ್ತಡವನ್ನು ತಲೆಕೆಳಗಾಗಿ ಹಂಚಿದ್ದೇವೆ. ಐವತ್ತು ಕೋಟಿ ಡಾಲರ್ ಹಾಕಿದವನಿಗೆ ಬೀಳುವ ಭಯವಿಲ್ಲ, ಹನ್ನೊಂದರ ಮಗುವಿಗೆ ಇದೆ.

ಒಕ್ಕೂಟವೂ ಸುಮ್ಮನೆ ಕೂತಿರಲಿಲ್ಲ, ಆದರೆ ಪ್ರತಿಸಲವೂ ಮೇಲಿನಿಂದ ಕೆಳಗೆ ನೋಡಿತು. 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ರಾಷ್ಟ್ರೀಯ ಮಕ್ಕಳ ಲೀಗ್ ತಂದರು. ತರಬೇತಿಯ ಗುಣಮಟ್ಟ ಖಂಡಿತ ಏರಿತು. ಆದರೆ 2012ರಿಂದ ಅದರಲ್ಲಿ ಆಡುವವರು ತಮ್ಮ ಪ್ರೌಢಶಾಲೆಯ ತಂಡಕ್ಕೆ ಆಡಬಾರದು ಎಂದರು. ಇಲ್ಲಿನ ಹುಡುಗನಿಗೆ ಶಾಲೆಯ ಅಂಗಿ ತೊಟ್ಟು ಗೆಳೆಯರ ಮುಂದೆ ಆಡುವುದು ಎಷ್ಟು ದೊಡ್ಡ ವಿಷಯ ಎಂದು ಮಕ್ಕಳಿರುವವರಿಗೆಲ್ಲ ಗೊತ್ತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಬಂದ ಹೊತ್ತಿನಲ್ಲಿ, ಆ ಲೀಗನ್ನು ರಾತ್ರೋರಾತ್ರಿ ಎಂಬಂತೆ ಮುಚ್ಚಿದರು. ಅದರ ಜಾಗಕ್ಕೆ ಬಂದದ್ದು ಎಂಎಲ್‌ಎಸ್ ನಡೆಸುವ ಎಂಎಲ್‌ಎಸ್ ನೆಕ್ಸ್ಟ್. ಇಡೀ ದೇಶದ ಉತ್ತಮ ಹುಡುಗರ ದಾರಿ ಈಗ ಒಂದೇ ವೃತ್ತಿಪರ ಲೀಗಿನ ಕೈಯಲ್ಲಿದೆ. ಎಂಎಲ್‌ಎಸ್ ತಂಡಗಳ ಅಕಾಡೆಮಿಗಳಲ್ಲಿ ಬಹುತೇಕ ಶುಲ್ಕವಿಲ್ಲ, ಅದನ್ನು ಮೆಚ್ಚಲೇಬೇಕು. ಫಿಲಡೆಲ್ಫಿಯಾ ಯೂನಿಯನ್‌ನವರು ಅಕಾಡೆಮಿ ಹುಡುಗರಿಗಾಗಿ ಶಾಲೆಯನ್ನೇ ನಡೆಸುತ್ತಾರೆ, ಬ್ರೆಂಡನ್ ಆರನ್‌ಸನ್ ಆ ಕ್ಲಬ್ಬಿನಿಂದಲೇ ಯುರೋಪಿಗೆ ಹೋದವನು. ಆದರೆ ಅಂಥ ಅಕಾಡೆಮಿ ಇರುವುದು ಎಂಎಲ್‌ಎಸ್ ತಂಡವಿರುವ ಊರಲ್ಲಿ ಮಾತ್ರ, ಅಲ್ಲಿಯೂ ವಯಸ್ಸಿಗೆ ಇಪ್ಪತ್ತು ಮಕ್ಕಳಿಗೆ. ಇಪ್ಪತ್ತೊಂದನೆಯವನು ಶುಲ್ಕ ಕಟ್ಟಬೇಕು.

ಕೀವರ್ತ್_ಗ್ಯಾಲರಿ

ಕೋಚ್ ಸರ್, ಮಕ್ಕಳ ಲೀಗಿನ ಮಾತು ನನ್ನನ್ನು ನಿಲ್ಲಿಸಿತು. ಆ ಕೋನದಿಂದ ನಾನು ಯೋಚಿಸಿರಲಿಲ್ಲ. ಮಕ್ಕಳಿಗೆ ಹಿಂಬಡ್ತಿ ಬೇಡ, ಅದರಲ್ಲಿ ಎರಡು ಮಾತಿಲ್ಲ.

ಆದರೂ ದೊಡ್ಡವರ ಆಟದಲ್ಲಿ ಬಾಗಿಲು ತೆರೆದಿರುವುದಕ್ಕೆ ಹಣದ ಲೆಕ್ಕಕ್ಕೆ ಸಿಗದ ಬೆಲೆಯೊಂದಿದೆ. ಯುಎಸ್ ಓಪನ್ ಕಪ್ ನೋಡಿ, 1914ರಿಂದ ನಡೆದುಬಂದದ್ದು. ಹವ್ಯಾಸಿ ತಂಡವೂ ಎಂಎಲ್‌ಎಸ್ ತಂಡವೂ ಒಂದೇ ಮೈದಾನಕ್ಕೆ ಇಳಿಯುವ ಏಕೈಕ ಟೂರ್ನಿ. 2017ರಲ್ಲಿ ಮೇರಿಲ್ಯಾಂಡ್‌ನ ಕ್ರಿಸ್ಟೋಸ್ ಎಫ್‌ಸಿ ಎಂಬ ತಂಡ ನಾಲ್ಕನೇ ಸುತ್ತಿಗೆ ಬಂದು ಡಿ.ಸಿ. ಯುನೈಟೆಡ್ ಎದುರು ಆಡಿತು. ಒಂದು ಮದ್ಯದಂಗಡಿಯ ಹೆಸರಿನ ತಂಡ ಅದು, ಹಗಲೆಲ್ಲ ಬೇರೆ ಬೇರೆ ಕೆಲಸ ಮಾಡಿ ಸಂಜೆ ಆಡುವ ಹುಡುಗರು. ಮೊದಲ ಗೋಲು ಹೊಡೆದವರು ಅವರೇ! ಕೊನೆಗೆ 4-1ರಲ್ಲಿ ಸೋತರು. ಆದರೆ ಆ ಮೊದಲ ಗೋಲು ಬಲೆಗೆ ಬಿದ್ದಾಗ ಇಲ್ಲಿ ನಾವು ಐದಾರು ಜನ ಫೋನಿನ ಪರದೆ ನೋಡುತ್ತ ಕುಣಿದಾಡಿದ್ದೆವು. 2022ರಲ್ಲಿ ಎರಡನೇ ದರ್ಜೆಯ ಸ್ಯಾಕ್ರಮೆಂಟೊ ಫೈನಲ್ ತಲುಪಿತು. ಅಷ್ಟರಲ್ಲಿ ಏನಾಯಿತು? 2023ರ ಡಿಸೆಂಬರ್‌ನಲ್ಲಿ ಎಂಎಲ್‌ಎಸ್ ತನ್ನ ಮುಖ್ಯ ತಂಡಗಳನ್ನು ಈ ಟೂರ್ನಿಯಿಂದ ಹಿಂತೆಗೆಯಲು ಹೊರಟಿತು. ಮಾತುಕತೆಯ ನಂತರ 2024ರಲ್ಲಿ ಆಡಿದ್ದು ಎಂಟೇ ಎಂಎಲ್‌ಎಸ್ ತಂಡಗಳು. ಇದ್ದ ಒಂದು ಕಿಟಕಿಯನ್ನೂ ಮುಚ್ಚಲು ಹೋದರೆ ಹೇಗೆ?

ಕೊಲಂಬಸ್‌ನ ಕತೆ ಇನ್ನೂ ನೋವಿನದು. 2017ರಲ್ಲಿ ಕೊಲಂಬಸ್ ಕ್ರೂ ತಂಡವನ್ನು ಆಸ್ಟಿನ್‌ಗೆ ಎತ್ತಿಕೊಂಡು ಹೋಗುವುದಾಗಿ ಮಾಲೀಕರು ಹೇಳಿದರು. ಎಂಎಲ್‌ಎಸ್‌ನ ಮೊದಲ ಹತ್ತು ತಂಡಗಳಲ್ಲಿ ಒಂದು ಅದು. ಅಭಿಮಾನಿಗಳು ಬೀದಿಗಿಳಿದರು, ಓಹಿಯೋ ರಾಜ್ಯವೂ ಮೊಕದ್ದಮೆ ಹೂಡಿತು, ಕಡೆಗೆ ಹೊಸ ಮಾಲೀಕರು ಬಂದು ತಂಡ ಉಳಿಯಿತು. ಇಂಗ್ಲೆಂಡಿನ ಲ್ಯೂಟನ್ ತಂಡ ಲೀಗಿನಿಂದಲೇ ಹೊರಬಿದ್ದು ಐದು ವರ್ಷ ಹೊರಗಿದ್ದು, 2014ರಲ್ಲಿ ಮರಳಿ, 2023ರಲ್ಲಿ ಪ್ರೀಮಿಯರ್ ಲೀಗಿಗೆ ಏರಿತು. ತಂಡ ಬೀಳಬಹುದು, ಆದರೆ ಊರಲ್ಲೇ ಬೀಳುತ್ತದೆ, ಊರಲ್ಲೇ ಏಳುತ್ತದೆ.

ಲೆಕ್ಕಿಗ_ಸಿಯಾಟಲ್

ಲ್ಯೂಟನ್ ಜೊತೆಗೆ ಬೆರಿ (Bury) ಎಂಬ ಕ್ಲಬ್ಬಿನ ಹೆಸರನ್ನೂ ಹೇಳಬೇಕು. 2019ರಲ್ಲಿ ಸಾಲದಲ್ಲಿ ಮುಳುಗಿ ಇಂಗ್ಲಿಷ್ ಲೀಗಿನಿಂದಲೇ ಹೊರಹಾಕಲ್ಪಟ್ಟ ಕ್ಲಬ್ಬು ಅದು, ನೂರು ವರ್ಷಕ್ಕೂ ಹೆಚ್ಚು ಹಳೆಯದು. ಮೇಲೇರುವ ಆಸೆಗೆ ಕೈಮೀರಿ ಖರ್ಚು ಮಾಡುವುದೂ ಬಡ್ತಿ ಪದ್ಧತಿಯ ಮಗುವೇ.

ಆದರೆ ಓಪನ್ ಕಪ್ ವಿಷಯದಲ್ಲಿ ನಿಮ್ಮ ಪಕ್ಷ ನಾನು. ಅದರಿಂದ ಯಾರ ಹೂಡಿಕೆಗೂ ಧಕ್ಕೆಯಿಲ್ಲ.

ಗೌತಮಪುರ_9

ಬೆಂಗಳೂರಿನಿಂದ ಎರಡು ಮಾತು. ನೀವು ಅಮೆರಿಕದಲ್ಲಿ ಆಡುತ್ತಿರುವ ಚರ್ಚೆಯನ್ನೇ ನಾವು ಇಲ್ಲಿಯೂ ಆಡಿದ್ದೇವೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಶುರುವಾದದ್ದೂ ಫ್ರಾಂಚೈಸಿ ಮಾದರಿಯಲ್ಲೇ, ಬಾಗಿಲು ಮುಚ್ಚಿಕೊಂಡೇ. ಕೊನೆಗೆ ಐ-ಲೀಗ್ ಗೆದ್ದವರಿಗೆ ದಾರಿ ಬಿಟ್ಟಾಗ ಪಂಜಾಬ್ ಎಫ್‌ಸಿ 2023ರಲ್ಲಿ, ಕೋಲ್ಕತ್ತದ ಮೊಹಮ್ಮಡನ್ 2024ರಲ್ಲಿ ಮೇಲೆ ಬಂದವು. ನಮ್ಮ ಊರಿನ ಜಿಲ್ಲಾ ಲೀಗಿನಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಎಂಬ ಮೆಟ್ಟಿಲುಗಳು ಬಹಳ ಹಿಂದಿನಿಂದಲೂ ಇವೆ. ಆದರೆ ಹಲಸೂರಿನ ಗೌತಮಪುರದಲ್ಲಿ, ಪೆಲೆಯ ಪ್ರತಿಮೆ ಇಟ್ಟಿರುವ ಬೀದಿಯಲ್ಲಿ, ಮಕ್ಕಳು ಆಡುತ್ತಿರುವುದು ಲೀಗಿನ ರಚನೆಯಿಂದಲ್ಲ. ಅಲ್ಲಿ ಮನೆಯಿಂದ ಮೈದಾನಕ್ಕೆ ನಡೆದುಕೊಂಡೇ ಹೋಗಬಹುದು, ಅಣ್ಣಂದಿರು ಆಡುವುದನ್ನು ತಮ್ಮಂದಿರು ನೋಡುತ್ತಾರೆ. ನಿಮ್ಮ 47ನೇ ಹುಡುಗನಿಗೆ ಅಡ್ಡಿಯಾದದ್ದು ಟ್ರಕ್ಕು ಸರ್. ಅಭ್ಯಾಸವನ್ನು ಅವನ ಬೀದಿಗೆ ಒಯ್ಯಲು ಆಗುವುದಿಲ್ಲವೇ?

ಶನಿವಾರದ_ಕೋಚ್

ಗೌತಮಪುರದವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ತಂಡದಲ್ಲಿ ಪ್ರತಿವರ್ಷ ಇಬ್ಬರೋ ಮೂವರೋ ಬಿಟ್ಟುಹೋಗುತ್ತಾರೆ. ಕೇಳಿದರೆ ಹಣದ ವಿಷಯ ಎರಡನೆಯದಾಗಿ ಬರುತ್ತದೆ, ಕರೆತರುವವರಿಲ್ಲ ಎಂಬುದು ಮೊದಲನೆಯದು.

ಫ್ರಿಸ್ಕೋ_ಮಂಡ್ಯ

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತುಗಳನ್ನು ಅಚ್ಚು ತೆಗೆದು ಮಗನ ಕ್ಲಬ್ಬಿನ ಪೋಷಕರ ಸಭೆಗೆ ಒಯ್ದಿದ್ದೆ.

ಲೀಗಿನ ರಚನೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಬಾಗಿಲು ತೆರೆಯಬೇಕು ಎಂಬುದನ್ನು ಈಗಲೂ ನಂಬುತ್ತೇನೆ. ಯುಎಸ್‌ಎಲ್ ಮಾಡಹೊರಟಿರುವುದು ಆಗಬೇಕು, ಸಣ್ಣ ಊರುಗಳಿಗೆ ಅದು ಬೇಕು. ಆದರೆ ನೀರು ಕೊನೆಯಂಚಿಗೆ ಮುಟ್ಟಬೇಕಾದರೆ ತೂಬು ತೆಗೆದರೆ ಸಾಲದು, ಕಾಲುವೆಯೂ ಇರಬೇಕು. ಆ ಕಾಲುವೆ ಲೆಕ್ಕಿಗರು ಹೇಳಿದ ಪಾಲು. 2022ರ ನವೆಂಬರ್‌ನಿಂದ ಆ ಪಾಲನ್ನು ಲೆಕ್ಕ ಹಾಕಿ ಹಂಚಲು ಫೀಫಾ ಒಂದು ಕ್ಲಿಯರಿಂಗ್ ಹೌಸ್ ನಡೆಸುತ್ತಿದೆ. ಅದು ನೋಡುವುದು ಒಂದನ್ನೇ: ಮಗು ಯಾವ ವಯಸ್ಸಿನಲ್ಲಿ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿತ್ತು.

ಹಾಗಾಗಿ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ, ನಮ್ಮ ಮಕ್ಕಳ ನೋಂದಣಿ ದಾಖಲೆ ಯಾರ ಬಳಿ ಇದೆ, ಹೇಗಿದೆ? ಕಾರ್ಯದರ್ಶಿ ಒಳ್ಳೆಯ ಹೆಣ್ಣುಮಗಳು. ಲ್ಯಾಪ್‌ಟಾಪ್ ತೆರೆದು ಅಲ್ಲೇ ಹುಡುಕಿದರು. ನನ್ನ ಮಗ ಆಟ ಶುರು ಮಾಡಿದಾಗ ಒಂದು ಸಂಸ್ಥೆಯಲ್ಲಿ, ಆಮೇಲೆ ಇನ್ನೊಂದರಲ್ಲಿ, ಈಗ ಮೂರನೆಯದರಲ್ಲಿ ನೋಂದಣಿಯಾಗಿದ್ದಾನೆ. ಮೂರು ಸಂಖ್ಯೆ, ಮೂರು ಹೆಸರು. ಒಂದರಲ್ಲಿ ಅವನ ಹೆಸರು ಸರಿಯಾಗಿದೆ. ಇನ್ನೊಂದರಲ್ಲಿ ಅಜ್ಜನ ಊರಿನ ಹೆಸರು ಮನೆತನದ ಹೆಸರಾಗಿ ಕೂತಿದೆ. ಮೂರನೆಯದರಲ್ಲಿ ನನ್ನ ಹೆಸರೇ ಆಟಗಾರನ ಹೆಸರಾಗಿದೆ. ಇವು ಮೂರೂ ಒಬ್ಬನೇ ಹುಡುಗ ಎಂದು ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿದ್ದ ತೆಲುಗು ಕುಟುಂಬದ್ದೂ ಇದೇ ಕತೆ, ಎರಡೆರಡು ಮನೆತನದ ಹೆಸರಿರುವ ಮೆಕ್ಸಿಕನ್ ಕುಟುಂಬದ್ದೂ ಇದೇ ಕತೆ. ಕ್ಲಬ್ಬಿನ ಎಲ್ಲ ವಯಸ್ಸಿನ ತಂಡಗಳ ದಾಖಲೆಯನ್ನೂ ಒಂದು ಕಡೆ ಸರಿಪಡಿಸಲು ನಾಲ್ವರು ಪೋಷಕರು ಸೇರಿಕೊಂಡಿದ್ದೇವೆ.

ಗೌತಮಪುರದವರ ಮಾತನ್ನೂ ಕ್ಲಬ್ಬಿನ ಮುಂದೆ ಇಟ್ಟೆ. ಅಭ್ಯಾಸದ ಜಾಗ ಬದಲಾಗಲಿಲ್ಲ. ಆದರೆ ಆ ಹುಡುಗನ ತಂದೆಯ ದೂರವಾಣಿ ಸಂಖ್ಯೆ ಸಿಕ್ಕಿತು. ಮಂಗಳವಾರ ನಾನು, ಗುರುವಾರ ತೆಲುಗು ಕುಟುಂಬದವರು ಕರೆತರುತ್ತೇವೆ ಎಂದು ಮಾತಾಗಿದೆ. ಅವನಿಗೆ ನೋಂದಣಿಯೇ ಇಲ್ಲ, ಎಲ್ಲಿಯೂ ಇಲ್ಲ. ಅದನ್ನು ಈ ವಾರ ಮಾಡಿಸಬೇಕು.

ಲೆಕ್ಕಿಗ_ಸಿಯಾಟಲ್

ಬಹಳ ಒಳ್ಳೆಯ ಕೆಲಸ ಸರ್. ಒಂದು ಸಲಹೆ: ಹಳೆಯ ಆಟಗಾರರ ಗುರುತಿನ ಕಾರ್ಡುಗಳನ್ನು, ತಂಡದ ಪಟ್ಟಿಯಿರುವ ಇಮೇಲ್‌ಗಳನ್ನು ಎಸೆಯಬೇಡಿ. ಋತು ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬ ದಿನಾಂಕ ಇರಲೇಬೇಕು. ಹನ್ನೆರಡು ತುಂಬುವ ವರ್ಷದಿಂದ ಲೆಕ್ಕ ಶುರುವಾಗುತ್ತದೆ, ಮುಖ್ಯವಾಗಿ ಆ ವರ್ಷದ್ದು.

ಫ್ರಿಸ್ಕೋ_ಮಂಡ್ಯ

ಗ್ಯಾರೇಜಿನಲ್ಲಿ ಎರಡು ಪೆಟ್ಟಿಗೆ ಬಿಚ್ಚಿದ್ದೇನೆ. ಹತ್ತನೇ ವಯಸ್ಸಿನ ಕಾರ್ಡ್ ಸಿಕ್ಕಿತು, ಹಲ್ಲು ಬಿದ್ದ ಫೋಟೋ ಇರುವುದು. ಹನ್ನೆರಡರದ್ದು ಇನ್ನೂ ಹುಡುಕುತ್ತಿದ್ದೇನೆ.